ಅಹವಾಲಿನ ಪ್ರಜೆಯೋ, ಅಧಿಕಾರದ ಪ್ರಜೆಯೋ?

2025ರ ಕೊನೆಯ ದಿನಗಳಲ್ಲಿ ಒಂದು ಸಂಜೆ ರಾಮಕೃಷ್ಣನಗರದ ಆಂದೋಲನ ವೃತ್ತದ ಬಳಿ ಚಹ ಕುಡಿಯುತ್ತ ನಿಂತಿದ್ದೆವು. ಪಕ್ಕದ ಬೀದಿಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು ನಮ್ಮನ್ನು ಕಂಡು ಹತ್ತಿರ ಬಂದರು. ಅವರ ಪ್ರಶ್ನೆ ಸರಳವಾಗಿತ್ತು. "ಮೇಷ್ಟ್ರೇ, ನಮ್ ವಾರ್ಡಿಗೆ ಈಗ ಕಾರ್ಪೊರೇಟ್ರು ಯಾರು?" ಯಾರೂ ಇಲ್ಲ ಎಂದೆವು. ಅವರು ನಂಬಲಿಲ್ಲ. ಊರಿಗೇ ಯಾರೂ ಇಲ್ಲ, ಮೇಯರೂ ಇಲ್ಲ ಎಂದೆವು. ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಇನ್ನೊಬ್ಬರು ಬೆಂಚಿನ ಮೇಲೆ ಕುಳಿತು ನಮ್ಮ ಮಾತು ಕೇಳುತ್ತಿದ್ದರು. ಅವರು ನಕ್ಕು ಹೇಳಿದರು: "ಯಾರೂ ಇಲ್ಲ ಅಂದ್ರೆ, ಬೈಯೋದಾದ್ರೂ ಯಾರನ್ನ ಸ್ವಾಮಿ?"

ಸುತ್ತ ನಿಂತವರೆಲ್ಲ ನಕ್ಕರು. ಆದರೆ ಮನೆಗೆ ಬಂದ ಮೇಲೂ ಆ ಮಾತು ನಮ್ಮನ್ನು ಬಿಡಲಿಲ್ಲ. ರಾಜ್ಯಶಾಸ್ತ್ರದ ದಪ್ಪ ಪುಸ್ತಕಗಳು ನೂರು ಪುಟಗಳಲ್ಲಿ ಹೇಳುವುದನ್ನು ಆ ಕಾರ್ಮಿಕ ಬಂಧು ಒಂದೇ ವಾಕ್ಯದಲ್ಲಿ ಹೇಳಿದ್ದರು. ಹೆಸರು ಹಿಡಿದು ಕೇಳಬಹುದಾದ, ಎದುರಿಗೆ ನಿಂತು ಬೈಯಬಹುದಾದ, ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದಾದ ಒಬ್ಬ ಮನುಷ್ಯ ಇದ್ದರೆ ಅದು ಪ್ರಜಾಪ್ರಭುತ್ವ. ಅಂಥ ಮನುಷ್ಯನೇ ಇಲ್ಲದೆ ಕೆಲಸ ನಡೆಯುತ್ತಿದ್ದರೆ ಅದು ಆಡಳಿತ ಮಾತ್ರ. ಆಡಳಿತ ಬ್ರಿಟಿಷರ ಕಾಲದಲ್ಲೂ ಇತ್ತು, ದಿವಾನರ ಕಾಲದಲ್ಲೂ ಇತ್ತು.

ವಿಷಯ ಏನೆಂದು ವಾಚಕರಿಗೆ ನೇರವಾಗಿ ಹೇಳುತ್ತೇವೆ. ಮೈಸೂರು ಮಹಾನಗರ ಪಾಲಿಕೆಗೆ 65 ವಾರ್ಡುಗಳು. 2018ರ ಆಗಸ್ಟ್ 31ರಂದು ಮತದಾನ ನಡೆದು, ಆ ವರ್ಷದ ನವೆಂಬರಿನಲ್ಲಿ ಕೂಡಿದ ಸಭೆಯ ಐದು ವರ್ಷದ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಸರ್ಕಾರ ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸಿತು. 2024 ಕಳೆಯಿತು. 2025ೂ ಕಳೆಯಿತು. ಚುನಾವಣೆ ನಡೆಯಲಿಲ್ಲ. 2011ರ ಜನಗಣತಿಯ ಹೊತ್ತಿಗೇ ಒಂಬತ್ತು ಲಕ್ಷದ ಹತ್ತಿರ ಜನರಿದ್ದ ಊರು ಎರಡು ವರ್ಷಕ್ಕೂ ಮೇಲ್ಪಟ್ಟು ತನ್ನ ಕಸ, ನೀರು, ದೀಪ, ಚರಂಡಿ, ಮಾರುಕಟ್ಟೆ, ಕಂದಾಯ ಇವುಗಳ ಬಗ್ಗೆ ತೀರ್ಮಾನ ಮಾಡುವ ಸ್ವಂತ ಸಭೆಯಿಲ್ಲದೆ ಉಳಿಯಿತು.

ಈ ರೋಗ ನಮ್ಮೊಬ್ಬರದೇ ಅಲ್ಲ. ರಾಜಧಾನಿ ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳು ಆದವು. ನಡುವೆ ಐದು ವರ್ಷ, ಅಂದರೆ ಒಂದು ಇಡೀ ಅವಧಿ, ಮತದಾರನಿಗೆ ಸದಸ್ಯನಿರಲಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ತೀರಿತು. 2025 ಮುಗಿಯುವವರೆಗೂ ಅವಕ್ಕೆ ಚುನಾವಣೆ ಇಲ್ಲ. ಒಂದು ಪಕ್ಷದ ಸರ್ಕಾರ ಶುರು ಮಾಡಿದ್ದನ್ನು ಇನ್ನೊಂದು ಪಕ್ಷದ ಸರ್ಕಾರ ಮುಂದುವರಿಸಿತು. ಈ ಒಂದು ವಿಷಯದಲ್ಲಿ ಆಳುವವರಿಗೂ ವಿರೋಧಿಗಳಿಗೂ ಅಪೂರ್ವ ಒಮ್ಮತ!

ಮೈಸೂರಿನವರಾದ ನಮಗೆ ಇದು ಇನ್ನೂ ಹೆಚ್ಚು ನೋಯಬೇಕು. ಏಕೆಂದರೆ ಜನರ ಸಭೆ ಎಂಬ ವಸ್ತು ಭಾರತದ ಸಂಸ್ಥಾನಗಳಲ್ಲಿ ಮೊದಲು ಕಣ್ಣು ಬಿಟ್ಟದ್ದು ಇಲ್ಲಿ. 1881ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅಕ್ಟೋಬರ್ 7ರಂದು ಮೊದಲ ಸಭೆ. ಸೇರಿದವರು 144 ಮಂದಿ. ನಮ್ಮ ಪುರಭವನ ಇಂದಿಗೂ ಅವರ ಹೆಸರನ್ನೇ ಹೊತ್ತು ನಿಂತಿದೆ.

ಹೆಮ್ಮೆ ಪಡೋಣ. ಆದರೆ ಅದು ಎಂಥ ಸಭೆ ಎಂಬುದನ್ನೂ ಮರೆಯುವುದು ಬೇಡ. ಬಂದವರು ಜಮೀನುದಾರರು ಮತ್ತು ವರ್ತಕರು. ಅವರನ್ನು ಆರಿಸಿದವರು ಜನರಲ್ಲ. 1891ರಲ್ಲಿ ಚುನಾವಣೆ ಎಂಬುದು ಬಂದಾಗಲೂ ಮತ ಇದ್ದದ್ದು ಆಸ್ತಿ ಉಳ್ಳವರಿಗೆ ಮತ್ತು ಓದಿದವರಿಗೆ. ದಸರೆಯ ಹೊತ್ತಿನಲ್ಲಿ ದಿವಾನರು ವರ್ಷದ ವರದಿ ಓದುವರು. ಪ್ರತಿನಿಧಿಗಳು ಕೆರೆ ಏರಿ ಒಡೆದದ್ದನ್ನು, ರಸ್ತೆ ಕೆಟ್ಟದ್ದನ್ನು, ಅಮಲ್ದಾರರ ದರ್ಪವನ್ನು ಅರಿಕೆ ಮಾಡಿಕೊಳ್ಳುವರು. ದಿವಾನರು ಸಾವಧಾನವಾಗಿ ಕೇಳುವರು. ಒಪ್ಪಬಹುದು, ಬಿಡಬಹುದು. ಸಭೆ ಬೇಡವೆಂದರೂ ಆಯವ್ಯಯ ನಿಲ್ಲುವುದಿಲ್ಲ. ಸಭೆ ಸಿಟ್ಟಾದರೂ ದಿವಾನರು ಇಳಿಯುವುದಿಲ್ಲ. ಅದು ಅಹವಾಲಿನ ಸಭೆ. ಅಹವಾಲು ಹೇಳುವುದು ಬೇರೆ, ಆಳುವುದು ಬೇರೆ.

1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆ ಬಂತು, ಮಹಿಳೆಯರಿಗೂ ಮತದ ಬಾಗಿಲು ತೆರೆಯಿತು. 1940ರ ಕಾಯಿದೆ ಬಂತು. ಸಭೆಗಳು ದೊಡ್ಡವಾದವು, ಮಾತು ಹೆಚ್ಚಿತು. ಆದರೂ ಕೀಲಿಕೈ ದಿವಾನರ ಜೇಬಿನಲ್ಲೇ ಉಳಿಯಿತು. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಧ್ವಜ ಏರಿದ ಮೇಲೂ ಮೈಸೂರಿನಲ್ಲಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತವೇ ನಡೆಯುತ್ತಿತ್ತು. ಆಗ ಜನ ಅರ್ಜಿ ಹಿಡಿಯುವುದನ್ನು ಬಿಟ್ಟು ಬೀದಿಗಿಳಿದರು. 'ಮೈಸೂರು ಚಲೋ' ಸೆಪ್ಟೆಂಬರ್ ಮೊದಲಿಗೆ ಆರಂಭವಾಯಿತು. ಕೂಗಿದ್ದು ಒಂದೇ ಕೂಗು: ಜವಾಬ್ದಾರಿ ಸರ್ಕಾರ. ಆ ತಿಂಗಳಲ್ಲಿ ಗುಂಡಿಗೆ ಬಲಿಯಾದ ಶಾಲಾ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತವನ್ನು ನಾವು ದಿನಕ್ಕೆರಡು ಬಾರಿ ಬಸ್ಸಿನಲ್ಲಿ ದಾಟುತ್ತೇವೆ. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಪ್ರಮಾಣ ಮಾಡಿತು.

ಜವಾಬ್ದಾರಿ ಎಂಬ ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಒಳ್ಳೆಯ ಸರ್ಕಾರ ಕೊಡಿ ಎಂದು ಆ ಹುಡುಗರು ಕೇಳಲಿಲ್ಲ. ದಿವಾನರು ದಕ್ಷರು, ಮೈಸೂರು ಮಾದರಿ ಸಂಸ್ಥಾನ ಎಂದು ಎಲ್ಲರೂ ಹೊಗಳುತ್ತಿದ್ದ ಕಾಲ ಅದು. ಅವರು ಕೇಳಿದ್ದು ಉತ್ತರ ಕೊಡಬೇಕಾದ ಸರ್ಕಾರವನ್ನು. ದಕ್ಷತೆ ಸಾಕು ಎನ್ನುವುದಾದರೆ 1947ರಲ್ಲಿ ಯಾರೂ ಸಾಯಬೇಕಾಗಿರಲಿಲ್ಲ.

ಈಗ ವಾಚಕರನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇವೆ. ದೂರ ಎಂದೆವು, ಆದರೆ ನಿಮ್ಮ ಅಂಗಡಿಯ ಮೂಟೆಗಳಿಗೆ ಅದು ದೂರವಲ್ಲ. ತೊಗರಿಯ ಬೆಳೆ ನಮ್ಮಲ್ಲಿ ಸಾಲದೆ ಹೋದಾಗ ಹಡಗಿನಲ್ಲಿ ಬರುವ ತೊಗರಿಯಲ್ಲಿ, ಮಂಗಳೂರಿನ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಸಿಪ್ಪೆ ಬಿಡಿಸುವ ಗೋಡಂಬಿಯಲ್ಲಿ ಒಂದು ಪಾಲು ಪೂರ್ವ ಆಫ್ರಿಕದ ತಾಂಜಾನಿಯ ದೇಶದ್ದು. ಆ ಗಣರಾಜ್ಯದ ಕಥೆಯಲ್ಲಿ ಮೈಸೂರಿಗೊಂದು ಪಾಠವಿದೆ. ಅದು ಸಮಾಜವಾದಿಗಳಾದ ನಮಗೇ ಮೊದಲ ಪಾಠ, ಆದ್ದರಿಂದ ಮುಚ್ಚಿಡದೆ ಹೇಳುತ್ತೇವೆ.

ತಾಂಗನಿಕ 1961ರ ಡಿಸೆಂಬರ್ 9ರಂದು ಸ್ವತಂತ್ರವಾಯಿತು. ಒಂದು ವರ್ಷದ ಮೇಲೆ ಗಣರಾಜ್ಯವಾಯಿತು. 1964ರಲ್ಲಿ ಜಾಂಜಿಬಾರ್ ದ್ವೀಪದೊಡನೆ ಕೂಡಿ ತಾಂಜಾನಿಯ ಎನಿಸಿತು. ಅದರ ನಾಯಕ ಜೂಲಿಯಸ್ ನ್ಯೆರೆರೆ. ಶಾಲೆಯ ಮೇಷ್ಟರು. 1955ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಕ್ಷದ ಕೆಲಸಕ್ಕೆ ಇಳಿದವರು. ಅಧ್ಯಕ್ಷರಾದ ಮೇಲೂ ಜನ ಅವರನ್ನು ಕರೆದದ್ದು 'ಮ್ವಾಲಿಮು' ಎಂದೇ. ಸ್ವಾಹಿಲಿಯಲ್ಲಿ ಅದರ ಅರ್ಥ ಮೇಷ್ಟರು. ಬಣ್ಣದ ಕೈಚೀಲ ಬಿಟ್ಟು ಕೆಂಪು ಬಾವುಟ ಹಿಡಿದ ಎಷ್ಟೋ ಉಪಾಧ್ಯಾಯರಿಗೆ, ನಮ್ಮನ್ನೂ ಸೇರಿಸಿ, ಆ ಹೆಸರು ಕೇಳಿದರೆ ಈಗಲೂ ಎದೆ ತುಂಬುತ್ತದೆ.

1967ರ ಅರುಷಾ ಘೋಷಣೆಯಲ್ಲಿ ಅವರು ಬ್ಯಾಂಕು, ದೊಡ್ಡ ವ್ಯಾಪಾರ, ದೊಡ್ಡ ಕೈಗಾರಿಕೆಗಳನ್ನು ಜನರ ಸ್ವತ್ತೆಂದು ಸಾರಿದರು. ನಾಯಕರಾದವರು ಬಾಡಿಗೆಗೆ ಮನೆ ಕೊಟ್ಟು ಹಣ ಮಾಡಬಾರದು, ಎರಡು ಸಂಬಳ ತೆಗೆದುಕೊಳ್ಳಬಾರದು ಎಂದು ಕಟ್ಟು ಮಾಡಿದರು. ಅದನ್ನು ನಾವು ಇಂದಿಗೂ ಮೆಚ್ಚುತ್ತೇವೆ. 1965ರಿಂದ ದೇಶದಲ್ಲಿ ಒಂದೇ ಪಕ್ಷ. ಆದರೂ ಒಂದೊಂದು ಕ್ಷೇತ್ರದಲ್ಲಿ ಆ ಪಕ್ಷದವರೇ ಇಬ್ಬರು ನಿಲ್ಲುತ್ತಿದ್ದರು. ಒಬ್ಬರ ಗುರುತು ಗುದ್ದಲಿ, ಇನ್ನೊಬ್ಬರ ಗುರುತು ಮನೆ. ಮೊದಲ ಚುನಾವಣೆಯಲ್ಲೇ ಮಂತ್ರಿಗಳಾಗಿದ್ದವರೂ ಸೋತರು. ಬೈಯುವುದಕ್ಕೆ ಒಬ್ಬ ಮನುಷ್ಯ ಎಂಬ ತತ್ತ್ವ ಅಷ್ಟರಮಟ್ಟಿಗೆ ಉಳಿದಿತ್ತು.

ತಪ್ಪು ನಡೆದದ್ದು ಮುಂದೆ. 1972ರಲ್ಲಿ ಜಿಲ್ಲೆಗಳ ಚುನಾಯಿತ ಸಭೆಗಳನ್ನು ತೆಗೆದುಹಾಕಿದರು. ಅದರ ಬೆನ್ನಿಗೆ ಪಟ್ಟಣಗಳ ಸಭೆಗಳೂ ಹೋದವು. ಆ ಕ್ರಮಕ್ಕೆ ಇಟ್ಟ ಹೆಸರನ್ನು ಕೇಳಿದರೆ ವಾಚಕರಿಗೆ ಆಶ್ಚರ್ಯವಾದೀತು: ಅಧಿಕಾರ ವಿಕೇಂದ್ರೀಕರಣ! ರಾಜಧಾನಿಯಲ್ಲಿ ಕುಳಿತಿದ್ದ ಅಧಿಕಾರಿಗಳನ್ನು ಜಿಲ್ಲೆಗಳಿಗೆ ಕಳಿಸಿದರು. ಅಧಿಕಾರ ಹಳ್ಳಿಯ ಹತ್ತಿರ ಬಂದಿತು, ಆದರೆ ಹಳ್ಳಿಯವನ ಕೈಗೆ ಬರಲಿಲ್ಲ. ಸಭೆಗಳು ಅದಕ್ಷ, ಹಣ ಪೋಲು, ಕೆಲಸ ನಿಧಾನ, ಅಧಿಕಾರಿ ಚುರುಕು ಎಂಬುದೇ ಆಗಿನ ಸಮರ್ಥನೆ. ಕಳ್ಳರು ಮಾಡಿದ ಕೆಲಸವಲ್ಲ ಅದು. ಬಡವರ ಮೇಲೆ ನಿಜವಾದ ಅಕ್ಕರೆಯಿದ್ದವರು ಅವಸರದಲ್ಲಿ ಮಾಡಿದ್ದು.

ಫಲ ಏನಾಯಿತು? ಪಟ್ಟಣಗಳ ನೀರು, ರಸ್ತೆ, ನೈರ್ಮಲ್ಯ ಕೆಲವೇ ವರ್ಷಗಳಲ್ಲಿ ಹದಗೆಟ್ಟವು. ಕೆಟ್ಟ ಕೊಳಾಯಿಗೆ ಯಾರು ಹೊಣೆ ಎಂದು ಕೇಳಿದರೆ ಕೈ ಮೇಲಕ್ಕೆ ತೋರಿಸುವವರೇ ಎಲ್ಲ. 1978ರಲ್ಲಿ ಪಟ್ಟಣ ಸಭೆಗಳನ್ನು ಮತ್ತೆ ತರಬೇಕಾಯಿತು. 1982ರಲ್ಲಿ ಹೊಸ ಕಾಯಿದೆ ಮಾಡಿ ಜಿಲ್ಲೆ, ಹಳ್ಳಿಗಳ ಸಭೆಗಳನ್ನೂ ಎಬ್ಬಿಸಬೇಕಾಯಿತು. 1984ರಲ್ಲಿ ನ್ಯೆರೆರೆ ಒಂದು ಸಂದರ್ಶನದಲ್ಲಿ ತಾವೇ ಒಪ್ಪಿಕೊಂಡರು. ಮತ್ತೆ ಮೊದಲಿನಿಂದ ಆರಂಭಿಸುವ ಅವಕಾಶ ಸಿಕ್ಕರೆ ಎರಡು ಕೆಲಸ ಮಾಡುವುದಿಲ್ಲ ಎಂದರು. ಒಂದು, ಸ್ಥಳೀಯ ಸಭೆಗಳನ್ನು ತೆಗೆದದ್ದು. ಇನ್ನೊಂದು, ರೈತರ ಸಹಕಾರ ಸಂಘಗಳನ್ನು ಮುಚ್ಚಿದ್ದು. ಕುರ್ಚಿಯಲ್ಲಿ ಕುಳಿತಿರುವಾಗಲೇ ತಪ್ಪೊಪ್ಪಿಕೊಳ್ಳುವ ದೊಡ್ಡತನ ಎಷ್ಟು ನಾಯಕರಿಗೆ ಇದೆ? ಮರುವರ್ಷ, 1985ರಲ್ಲಿ, ಅವರು ಅಧ್ಯಕ್ಷ ಪದವಿಯನ್ನೂ ಬಿಟ್ಟುಕೊಟ್ಟರು.

ಆದರೆ ಕಲಿಸಿದ ಮೇಷ್ಟರು ಪಾಠ ತಿದ್ದಿಕೊಂಡರೂ ತರಗತಿ ತಿದ್ದಿಕೊಂಡಿತೆ? 1992ರಲ್ಲಿ ಅಲ್ಲಿ ಬಹುಪಕ್ಷ ಪದ್ಧತಿ ಬಂತು, 1995ರಲ್ಲಿ ಚುನಾವಣೆಯೂ ನಡೆಯಿತು. ರಾಜ್ಯವ್ಯವಸ್ಥೆಯ ಕಟ್ಟು ಮಾತ್ರ 1977ರ ಸಂವಿಧಾನದ್ದೇ. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುತ್ತಾರೆ. ಪ್ರಧಾನಮಂತ್ರಿಯನ್ನು ಹೆಸರಿಸುವವರು ಅಧ್ಯಕ್ಷರು. ನಮ್ಮಲ್ಲಿ ಪ್ರಾದೇಶಿಕ ಆಯುಕ್ತರೆಂಬ ಹುದ್ದೆ ಇರುವಂತೆ ಅಲ್ಲೂ ಅದೇ ಹೆಸರಿನ ಹುದ್ದೆ ಇದೆ. ಅವರನ್ನು, ಜಿಲ್ಲೆಯ ಆಯುಕ್ತರನ್ನು ನೇಮಿಸುವವರೂ ಅಧ್ಯಕ್ಷರೇ. ಅಧ್ಯಕ್ಷರ ಆಯ್ಕೆ ಘೋಷಣೆಯಾದ ಮೇಲೆ ಅದನ್ನು ದೇಶದ ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸಕೂಡದೆಂದು ಸಂವಿಧಾನವೇ ಬಾಗಿಲು ಹಾಕಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ದಾರ. ಆ ದಾರ ಒಂದೇ ಕೈಯಲ್ಲಿ.

ಅದರ ಪರಿಣಾಮವನ್ನು 2025ರಲ್ಲಿ ಜಗತ್ತು ನೋಡಿತು. ಮುಖ್ಯ ವಿರೋಧ ಪಕ್ಷದ ನಾಯಕ ತುಂಡು ಲಿಸ್ಸು ಏಪ್ರಿಲಿನಲ್ಲಿ ರಾಜದ್ರೋಹದ ಆರೋಪದ ಮೇಲೆ ಸೆರೆಯಾದರು. ಅವರ ಪಕ್ಷ ಚುನಾವಣೆಯಿಂದ ಹೊರಗುಳಿಯಿತು. ಅಕ್ಟೋಬರ್ 29ರಂದು ಮತದಾನ. ಅದೇ ದಿನ ಬೀದಿಗಳಲ್ಲಿ ಪ್ರತಿಭಟನೆ, ಕರ್ಫ್ಯೂ, ಅಂತರ್ಜಾಲ ಬಂದ್. ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಶೇಕಡಾ 97ಕ್ಕೂ ಮೇಲೆ ಮತ ಪಡೆದು ಗೆದ್ದರೆಂದು ಸಾರಲಾಯಿತು. ಸತ್ತವರ ಸಂಖ್ಯೆ ಎಷ್ಟೆಂಬುದೇ ವಿವಾದವಾಯಿತು. ನೂರಕ್ಕೆ ತೊಂಬತ್ತೇಳು! ಒಂದು ಮನೆಯ ನಾಲ್ಕು ಜನ ಸಾರಿಗೆ ಉಪ್ಪು ಎಷ್ಟೆಂಬುದರಲ್ಲೇ ಒಮ್ಮತಕ್ಕೆ ಬರುವುದಿಲ್ಲ. ಇಡೀ ದೇಶ ಹೀಗೆ ಒಂದೇ ಸ್ವರದಲ್ಲಿ ಹಾಡಿತೆಂದರೆ ಉಳಿದ ಸ್ವರಗಳ ಗಂಟಲು ಎಲ್ಲಿ ಹೋಯಿತೆಂದು ಕೇಳಬೇಡವೆ?

ಮೈಸೂರು ತಾಂಜಾನಿಯವಾಗಿದೆ ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ವಿಧಾನಸಭೆಗೆ, ಲೋಕಸಭೆಗೆ ಕಾಲಕಾಲಕ್ಕೆ ಚುನಾವಣೆ ನಡೆಯುತ್ತಿದೆ, ಸರ್ಕಾರಗಳು ಬೀಳುತ್ತಿವೆ, ಏಳುತ್ತಿವೆ, ಪತ್ರಿಕೆಗಳು ಬರೆಯುತ್ತಿವೆ. ಅತಿಶಯೋಕ್ತಿಯಿಂದ ದುಡಿಯುವ ಜನರಿಗೆ ಉಪಕಾರವಿಲ್ಲ. ನಾವು ಹೇಳುವುದು ಇಷ್ಟೆ: ಮರ ಬೇರಿನಿಂದ ಒಣಗುತ್ತದೆ, ತುದಿಯ ಎಲೆ ಕೊನೆಯವರೆಗೂ ಹಸಿರಾಗಿಯೇ ಕಾಣುತ್ತದೆ. ಊರ ಸಭೆ ಇಲ್ಲದಿದ್ದರೂ ನಡೆಯುತ್ತದೆ ಎಂಬ ಅಭ್ಯಾಸ ಒಮ್ಮೆ ಆಳುವವರಿಗೂ ಜನರಿಗೂ ಹಿಡಿದರೆ, ಮೇಲಿನ ಸಭೆಯೂ ಅಲಂಕಾರಕ್ಕೆ ಎಂಬ ಭಾವನೆ ಬರಲು ಬಹಳ ದಿನ ಬೇಡ.

ಸಭೆ ಇಲ್ಲದಿದ್ದರೆ ನಷ್ಟವೇನು ಎಂದು ಕೇಳುವ ಗೆಳೆಯರಿದ್ದಾರೆ. ಒಂದೊಂದಾಗಿ ಎಣಿಸೋಣ. ಪಾಲಿಕೆಯ ಆಯವ್ಯಯವನ್ನು ಮಂಡಿಸುವವರೂ ಆಡಳಿತಾಧಿಕಾರಿ, ಒಪ್ಪುವವರೂ ಆಡಳಿತಾಧಿಕಾರಿ. ನಿಮ್ಮ ಅಂಗಡಿಯಲ್ಲಿ ಮಾಲು ಕೊಳ್ಳುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ, ಲೆಕ್ಕ ತಪಾಸಣೆ ಮಾಡುವವನೂ ಅವನೇ ಆದರೆ ನೀವು ರಾತ್ರಿ ನಿದ್ದೆ ಮಾಡುತ್ತೀರಾ? ಆ ಗುಮಾಸ್ತ ಪ್ರಾಮಾಣಿಕನೇ ಇರಬಹುದು. ಆದರೂ ಯಾವ ವರ್ತಕನೂ ಹಾಗೆ ಬಿಡುವುದಿಲ್ಲ. ಕಾಯಿದೆಯ ಪ್ರಕಾರ ಪಾಲಿಕೆಯಲ್ಲಿ ನಾಲ್ಕು ಸ್ಥಾಯಿ ಸಮಿತಿಗಳಿರಬೇಕು: ತೆರಿಗೆ, ಹಣಕಾಸು ಮತ್ತು ಮೇಲ್ಮನವಿಗೆ ಒಂದು, ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯಕ್ಕೆ ಒಂದು, ನಗರ ಯೋಜನೆಗೆ ಒಂದು, ಲೆಕ್ಕಪತ್ರಕ್ಕೆ ಒಂದು. ಸದಸ್ಯರೇ ಇಲ್ಲದಾಗ ಸಮಿತಿ ಎಲ್ಲಿಂದ ಬಂತು?

ದೇವರಾಜ ಮಾರುಕಟ್ಟೆಯ ವಿಷಯ ತೆಗೆದುಕೊಳ್ಳಿ. 2016ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ, ರಿಪೇರಿ ಮಾಡಿ ಉಳಿಸಬೇಕೋ ಎಂಬ ವಾದ ತಜ್ಞರ ಸಮಿತಿಗೂ ನ್ಯಾಯಾಲಯಕ್ಕೂ ಹೋಯಿತು. ಹೂವಿನವರು, ವೀಳ್ಯದೆಲೆಯವರು, ಬಾಳೆಹಣ್ಣಿನವರು ತಲೆಮಾರುಗಳಿಂದ ಕುಳಿತ ಜಾಗ ಅದು. ಯಾವ ತೀರ್ಮಾನ ಸರಿ ಎಂಬುದರಲ್ಲಿ ಒಳ್ಳೆಯವರ ನಡುವೆಯೂ ಭಿನ್ನಾಭಿಪ್ರಾಯವಿರಬಹುದು. ಆದರೆ ಆ ವರ್ತಕರ ಮತ ಪಡೆದ ಒಬ್ಬ ಸದಸ್ಯನೂ ಇಲ್ಲದ ಹೊತ್ತಿನಲ್ಲಿ ಅಂಥ ತೀರ್ಮಾನ ಆಗುವುದು ಸರಿಯೆ? ಬೀದಿ ವ್ಯಾಪಾರಿಗಳಿಗಾಗಿ 2014ರ ಕೇಂದ್ರ ಕಾಯಿದೆ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತರಷ್ಟಾದರೂ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಿರಬೇಕು ಎನ್ನುತ್ತದೆ ಆ ಕಾಯಿದೆ. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ಅದು ನಡೆಯುವಂತೆ ಸಭೆಯಲ್ಲಿ ಮೇಜು ಗುದ್ದುವವನು ಬೇಕು.

ಇನ್ನೊಂದು ನಷ್ಟವನ್ನು ಗಂಡಸರು ಎಣಿಸುವುದೇ ಇಲ್ಲ. ನಮ್ಮ ರಾಜ್ಯದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಪರಿಶಿಷ್ಟರಿಗೆ, ಹಿಂದುಳಿದವರಿಗೆ ಮೀಸಲು. ವಿಧಾನಸೌಧದ ಮೆಟ್ಟಿಲನ್ನು ಹಣವಿಲ್ಲದೆ ಹತ್ತಲಾಗದ ಈ ಕಾಲದಲ್ಲಿ, ಬೀಡಿ ಕಟ್ಟುವವಳು, ಪೌರಕಾರ್ಮಿಕನ ಮಗಳು, ಗಿರಣಿಯ ಕೂಲಿಕಾರ ಹತ್ತಬಹುದಾದ ಒಂದೇ ಮೆಟ್ಟಿಲು ಪಾಲಿಕೆ. ಚುನಾವಣೆ ನಿಂತರೆ ನಿಲ್ಲುವುದು ದೊಡ್ಡವರ ಪ್ರವೇಶವಲ್ಲ. ಅವರಿಗೆ ಆಡಳಿತಾಧಿಕಾರಿಯ ಕೋಣೆಯ ಹಿಂಬಾಗಿಲು ಗೊತ್ತು. ಮುಂಬಾಗಿಲೊಂದೇ ಗತಿಯಾದವರಿಗೆ ಬಾಗಿಲು ಮುಚ್ಚುತ್ತದೆ.

"ಅಯ್ಯೋ, ಆ ಕಾರ್ಪೊರೇಟರುಗಳ ಸಹವಾಸ ಸಾಕು. ಗುತ್ತಿಗೆದಾರರ ಜೊತೆ ಸೇರಿ ನುಂಗಿದರು. ಮೇಯರ್ ಚುನಾವಣೆ ಬಂದರೆ ರೆಸಾರ್ಟಿಗೆ ಹೋದರು. ಅಧಿಕಾರಿಯೇ ವಾಸಿ" ಎನ್ನುವವರು ನಮ್ಮ ಓದುಗರಲ್ಲೂ ಇದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ನಾವೂ ಕಂಡಿದ್ದೇವೆ. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರುಂಟೆ? ಮೈಸೂರಿನ ನಿವೇಶನಗಳನ್ನು ಹಂಚುವ ಕೆಲಸ 1903ರ ನಗರ ಸುಧಾರಣಾ ಮಂಡಳಿಯ ಕಾಲದಿಂದಲೂ, 1988ರ ನಗರಾಭಿವೃದ್ಧಿ ಪ್ರಾಧಿಕಾರದ ಕಾಲದಲ್ಲೂ ಮುಖ್ಯವಾಗಿ ನೇಮಕವಾದವರ ಕೈಯಲ್ಲಿತ್ತು. ಅಲ್ಲಿನ ನಿವೇಶನ ಹಂಚಿಕೆಯ ವಿವಾದ 2024ರಲ್ಲಿ ರಾಜ್ಯದ ರಾಜಕೀಯವನ್ನೇ ಅಲುಗಾಡಿಸಿತು. ಯಾರು ತಪ್ಪಿತಸ್ಥರು ಎಂಬುದನ್ನು ಹೇಳುವುದು ತನಿಖೆಯ, ನ್ಯಾಯಾಲಯದ ಕೆಲಸ, ನಮ್ಮದಲ್ಲ. ನೇಮಕವಾದವರ ಕೈಯಲ್ಲಿದ್ದರೆ ಎಲ್ಲವೂ ಶುದ್ಧ ಎಂಬ ನಂಬಿಕೆಗೆ ಆಧಾರವಿಲ್ಲ ಎಂಬುದಷ್ಟೇ ನಮ್ಮ ಮಾತು.

ಕಾರ್ಮಿಕ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಸಂಘದ ಕಾರ್ಯದರ್ಶಿ ಕೆಟ್ಟವನಾದರೆ ನೀವು ಏನು ಮಾಡುತ್ತೀರಿ? ಸರ್ವಸದಸ್ಯರ ಸಭೆ ಕರೆಯುತ್ತೀರಿ, ಅವನನ್ನು ಇಳಿಸಿ ಇನ್ನೊಬ್ಬನನ್ನು ಆರಿಸುತ್ತೀರಿ. "ಸಂಘವೇ ಬೇಡ, ನಮ್ಮ ಕಷ್ಟವನ್ನು ಮಾಲೀಕರು ನೇಮಿಸಿದ ಅಧಿಕಾರಿಯೇ ನೋಡಿಕೊಳ್ಳಲಿ" ಎನ್ನುತ್ತೀರಾ? ಎಂದವರ ಬೋನಸ್ಸು ಏನಾಯಿತೆಂಬುದು ಮೈಸೂರಿನ ಮುಚ್ಚಿದ ಗಿರಣಿಗಳ ಗೇಟಿನ ಮುಂದೆ ನಿಂತು ಕಾದವರಿಗೆ ಗೊತ್ತು.

ಚುನಾವಣೆ ತಡವಾಗಲು ಹೇಳುವ ಕಾರಣಗಳು ನಮಗೆ ತಿಳಿದಿವೆ. ವಾರ್ಡುಗಳನ್ನು ಹೊಸದಾಗಿ ವಿಂಗಡಿಸಬೇಕು. ಮೀಸಲಾತಿ ಪಟ್ಟಿ ಆಗಬೇಕು. ಸುತ್ತಲ ಊರುಗಳನ್ನು ಸೇರಿಸಿ ಬೃಹತ್ ಮೈಸೂರು ಮಾಡಬೇಕು. ಊರು ಬೆಳೆದಿರುವುದು ನಿಜ, ಗಡಿ ಬದಲಾಗಬೇಕಾದ್ದೂ ನಿಜ. ಆದರೆ ಇವೆಲ್ಲ 2023ರ ನವೆಂಬರಿನಲ್ಲಿ ಒಮ್ಮಿಂದೊಮ್ಮೆಲೇ ಆಕಾಶದಿಂದ ಉದುರಿದವೆ? ಅವಧಿ ಮುಗಿಯುವ ದಿನ ಐದು ವರ್ಷ ಮೊದಲೇ ಪಂಚಾಂಗದಲ್ಲಿತ್ತು. ಮದುವೆ ದಿನ ಗೊತ್ತಿದ್ದೂ ಮುಹೂರ್ತದ ಹೊತ್ತಿಗೆ ಅಕ್ಕಿ ನೆನೆಹಾಕುವ ಮನೆಯವರನ್ನು ಏನೆನ್ನಬೇಕು?

ಸಂವಿಧಾನ ಈ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿಯ ಪ್ರಕಾರ ಪಾಲಿಕೆಯ ಅವಧಿ ಮೊದಲ ಸಭೆಯಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ತೀರುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಅಹಮದಾಬಾದ್ ಪಾಲಿಕೆಯ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಅಲ್ಲೂ ವಾರ್ಡು ವಿಂಗಡಣೆಯ ನೆಪವೇ ಇತ್ತು. ಪ್ರಕೃತಿಯ ವಿಕೋಪವೇ ಬೇರೆ, ಮನುಷ್ಯರು ತಂದುಕೊಂಡ ತಡವೇ ಬೇರೆ ಎಂಬುದು ಆ ತೀರ್ಪಿನ ಸಾರ.

ನಮ್ಮ ರಾಜ್ಯಕ್ಕೆ ಇದನ್ನು ಹೊರಗಿನಿಂದ ಯಾರೂ ಕಲಿಸಬೇಕಾಗಿರಲಿಲ್ಲ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ, 1983ರ ಕಾಯಿದೆಯ ಮೇಲೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲಿ ಒಂದು ಸ್ಥಾನ ಹೆಣ್ಣುಮಕ್ಕಳಿಗೆ ಎಂದು ಆಗಲೇ ಬರೆದಿಟ್ಟರು. ದೆಹಲಿಯ ತಿದ್ದುಪಡಿ ಬಂದದ್ದು ಆಮೇಲೆ. ಡಾಕ್ಟರ್ ಲೋಹಿಯಾ ಅವರು ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬದ ರಾಜ್ಯದ ಮಾತಾಡಿದರು. ಇಂದು ಕರ್ನಾಟಕದಲ್ಲಿ ಜಿಲ್ಲೆಯ ಕಂಬ ವರ್ಷಗಟ್ಟಲೆ ಮುರಿದು ಬಿದ್ದಿತ್ತು, ಪಟ್ಟಣದ ಕಂಬಕ್ಕೆ ಗೆದ್ದಲು ಹಿಡಿಯಿತು ಎಂದರೆ ಲೋಹಿಯಾ ಅವರ ಭಾವಚಿತ್ರಕ್ಕೆ ಹಾರ ಹಾಕುವ ನಾವೂ ತಲೆ ತಗ್ಗಿಸಬೇಕು. ಈ ಎರಡು ವರ್ಷಗಳಲ್ಲಿ ನಾವಾದರೂ ಎಷ್ಟು ಸಭೆ ಮಾಡಿದೆವು? ಎಷ್ಟು ಬೀದಿ ತಿರುಗಿದೆವು? ಬೆರಳು ನಮ್ಮ ಕಡೆಗೂ ತಿರುಗಲಿ.

ಹಾಗಾದರೆ ಮಾಡುವುದೇನು? ಮೊದಲನೆಯದು, ಚುನಾವಣೆಯ ದಿನವನ್ನು ಎಲ್ಲ ಪಕ್ಷದವರ ಬಾಯಿಂದಲೂ ಕೇಳಿ ಪಡೆಯಬೇಕು. ಶಾಸಕರು ನಿಮ್ಮ ಬೀದಿಗೆ ಬಂದಾಗ ಹಾರದ ಬದಲು ಈ ಪ್ರಶ್ನೆಯನ್ನು ಕೊಡಿ. ಎರಡನೆಯದು, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು, ಮನೆಯವರ ಹೆಸರು ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಪಾಳಿ ಕೆಲಸದವರು, ಬಾಡಿಗೆ ಮನೆ ಬದಲಾಯಿಸಿದವರು ಮುಖ್ಯವಾಗಿ ನೋಡಬೇಕು. ಹೆಸರು ಬಿಟ್ಟುಹೋಗಿದ್ದು ಮತದಾನದ ದಿನವೇ ತಿಳಿದರೆ ಉಪಯೋಗವಿಲ್ಲ. ಮೂರನೆಯದು, ಸಭೆ ಬಂದ ಮೇಲೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಮೂರು ಲಕ್ಷಕ್ಕೆ ಮೇಲ್ಪಟ್ಟ ಊರುಗಳಲ್ಲಿ ವಾರ್ಡು ಸಮಿತಿಗಳು ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ಆ ಸಮಿತಿಯಲ್ಲಿ ಗಿರಣಿಯವರೊಬ್ಬರು, ಅಂಗಡಿಯವರೊಬ್ಬರು, ಮನೆಗೆಲಸದ ಹೆಣ್ಣುಮಗಳೊಬ್ಬರು ಕೂರುವಂತೆ ನೋಡಿಕೊಳ್ಳಬೇಕು. ಅವರು ತಿಂಗಳಿಗೊಮ್ಮೆ ಜಮಾ ಖರ್ಚು ಕೇಳಬೇಕು. ಆಗ ರೆಸಾರ್ಟಿಗೆ ಹೋಗುವವರೂ ಒಮ್ಮೆ ಹಿಂದಿರುಗಿ ನೋಡುತ್ತಾರೆ.

ಅಧಿಕಾರಿಗಳ ಮೇಲೆ ನಮಗೆ ಹಗೆಯಿಲ್ಲ. ಅವರಲ್ಲಿ ಶ್ರಮಪಡುವವರು, ಸಜ್ಜನರು ಎಷ್ಟೋ ಮಂದಿ ಇದ್ದಾರೆ. ಅವರು 'ಜನಸ್ಪಂದನ' ನಡೆಸುತ್ತಾರೆ, ಅರ್ಜಿ ತೆಗೆದುಕೊಳ್ಳುತ್ತಾರೆ, ಕೆಲವನ್ನು ಪರಿಹರಿಸುತ್ತಾರೆ. 1881ರಲ್ಲಿ ರಂಗಾಚಾರ್ಲು ಅವರೂ ಅರ್ಜಿಗಳನ್ನು ಅಷ್ಟೇ ಶ್ರದ್ಧೆಯಿಂದ ಕೇಳಿದ್ದರು. ಅದಕ್ಕಾಗಿ ಅವರನ್ನು ಸ್ಮರಿಸುತ್ತೇವೆ. ಆದರೆ ಒಂದು ಊರು ನೂರನಲವತ್ತು ವರ್ಷ ನಡೆದು, ಬಾಲಕನೊಬ್ಬನ ಪ್ರಾಣ ಕೊಟ್ಟು, ಕೊನೆಗೆ ಮತ್ತೆ ಅರ್ಜಿ ಹಿಡಿದು ಸರದಿಯಲ್ಲಿ ನಿಲ್ಲುವಲ್ಲಿಗೇ ಬಂದು ಮುಟ್ಟುವುದಾದರೆ ನಡೆದದ್ದೇಕೆ?

ದೂರದ ದಾರ್ ಎಸ್ ಸಲ್ಲಾಮಿನ ಮೇಷ್ಟರು ತಮ್ಮ ತಪ್ಪನ್ನು ತಾವೇ ಒಪ್ಪಿಕೊಳ್ಳಲು ಹನ್ನೆರಡು ವರ್ಷ ಬೇಕಾಯಿತು. ನಮ್ಮ ಸರ್ಕಾರಗಳು ಅಷ್ಟು ಕಾಲ ತೆಗೆದುಕೊಳ್ಳದಿರಲಿ. ಅಂದು ಬೆಂಚಿನ ಮೇಲಿದ್ದ ಹಿರಿಯ ಕಾರ್ಮಿಕರಿಗೆ ನಾವು ಕೊಡಲಾಗದೆ ಹೋದ ಉತ್ತರವನ್ನು ಊರು ಬೇಗ ಕೊಡಲಿ. ಅವರಿಗೆ ಬೈಯಲು ಒಬ್ಬ ಮನುಷ್ಯ ಬೇಕು. ಚೆನ್ನಾಗಿ ಮಾಡಿದರೆ ಬೆನ್ನು ತಟ್ಟಲೂ ಅವನೇ ಬೇಕು. ಆ ಮನುಷ್ಯನನ್ನು ಆರಿಸುವ ಹಕ್ಕು ದಿವಾನರ ಕೃಪೆಯಿಂದ ಬಂದದ್ದಲ್ಲ. ಮಂತ್ರಿಗಳ ಅನುಕೂಲ ನೋಡಿ ಕೊಡುವಂಥದೂ ಅಲ್ಲ.